ದುರುಗಮ್ಮನ ಮೂಗು

ಬಳ್ಳಿಗಾವಿ ಹತ್ತಿರದ ಆ ಊರಿನಲ್ಲಿ ದುರುಗಮ್ಮನ ಮೂಗಿಗೆ ಇದ್ದಷ್ಟು ಹೆಸರು ದುರುಗಮ್ಮನಿಗೂ ಇರಲಿಲ್ಲ. ಮಜ್ಜಿಗೆ ಹುಳಿ ತಿರುಗುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಒಗ್ಗಿಸಬೇಕೆಂದರೆ ಆ ಕುರಿಯ ಹಾಲನ್ನೇ ಮರಿಯ ಮೈಗೆ ಸವರಿ, ತಾನೊಮ್ಮೆ ಮೂಸಿ ನೋಡಿ, "ಈಗ ಬಿಡ್ರೋ, ಒಲ್ಲೆ ಅನ್ನಲ್ಲ ಅದು" ಎನ್ನುತ್ತಿದ್ದಳು. ಕುರಿಯೂ ಅವಳ ಮಾತು ಮೀರಿದ್ದು ಕಡಿಮೆ. ಕುರಿ ಸಾಕುವ ಮನೆಯಾದರೂ ಒಳಗೆ ಬಂದವರು ಒಮ್ಮೆಯೂ ಮೂಗು ಮುಚ್ಚಿಕೊಂಡಿಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ.

ಅಂಥ ಮೂಗು ಸಂಕ್ರಾಂತಿ ಕಳೆದ ಮೇಲೆ ಬಂದ ಒಂದು ಜ್ವರದಲ್ಲಿ ಹೊರಟುಹೋಯಿತು. ಜ್ವರ ಬಿಟ್ಟಿತು, ನೆಗಡಿ ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಒಗ್ಗರಣೆ ಸೀದರೂ ಅಷ್ಟೇ, ಮಲ್ಲಿಗೆ ಮುಡಿದರೂ ಅಷ್ಟೇ. ಇದನ್ನು ಅವಳು ಗಂಡ ಸಣ್ಣಬೀರಪ್ಪನಿಗೂ ಹೇಳಲಿಲ್ಲ. ಹೇಳಿದರೆ ಊರು ನಕ್ಕೀತು. ಹೆಸರು ಮಾಡಿದವರ ಹಣೆಬರಹವೇ ಇಷ್ಟು, ಆಮೇಲೆ ಆ ಹೆಸರನ್ನು ಕಾಯುವುದೇ ಒಂದು ಕೆಲಸವಾಗುತ್ತದೆ.

ಬೇಸಿಗೆ ಬಂತು. ಗೊಬ್ಬರಕ್ಕೆಂದು ರೈತರು ಕರೆದ ಹೊಲಗಳಲ್ಲಿ ಮಂದೆ ನಿಲ್ಲಿಸಲು ಸಣ್ಣಬೀರಪ್ಪ ಕುರಿ ಹೊಡೆದುಕೊಂಡು ಹೋದ. ಮನೆಯಲ್ಲಿ ಉಳಿದವರು ದುರುಗಮ್ಮ, ಮಗ ವೀರೇಶ, ಸೊಸೆ ನಾಗಶ್ರೀ. ಹಿತ್ತಲಿನ ದೊಡ್ಡಿಯಲ್ಲಿ ಒಂದಷ್ಟು ಎಳೆಮರಿಗಳು. ನಾಗಶ್ರೀ ಸೊರಬ ಕಡೆಯ ಕುಪ್ಪಗಡ್ಡೆಯ ಹುಡುಗಿ, ಮೂರು ತಿಂಗಳ ಬಸುರಿ. ಹೆಣ್ಣುಮಕ್ಕಳಿಲ್ಲದ ದುರುಗಮ್ಮನಿಗೆ ಅವಳೆಂದರೆ ಜೀವ. ಅಂಥ ಸೊಸೆ ನಡುಮನೆಗೆ ಬಂದರೆ ಸಾಕು, ಬಾಯಿಗೆ ಕೈ ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು.

ಬಸುರಿ ವಾಂತಿ ಮಾಡದೆ ಇನ್ನಾರು ಮಾಡುತ್ತಾರೆ? ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದುರುಗಮ್ಮ ತನ್ನ ಮನೆಯನ್ನೇ ಅನುಮಾನಿಸಿದಳು. ಈ ಸೆಕೆಗೆ ಮನೆ ನಾರುತ್ತಿದೆ, ತನಗೆ ತಿಳಿಯುತ್ತಿಲ್ಲ, ಸೊಸೆ ಮರ್ಯಾದೆಗೆ ಅಂಜಿ ಬಾಯಿ ಬಿಡುತ್ತಿಲ್ಲ!

ಶಿರಾಳಕೊಪ್ಪದ ಸಂತೆಗೆ ಹೋಗಿ ಕಟ್ಟುಗಟ್ಟಲೆ ಊದಿನಕಡ್ಡಿ, ಫಿನಾಯಿಲು, ನುಸಿಗುಳಿಗೆ, ಗುಲಾಬಿ ಚಿತ್ರದ ಸ್ಪ್ರೇ ಡಬ್ಬಿ ಎಲ್ಲ ತಂದಳು. ಬೆಳಿಗ್ಗೆ ಫಿನಾಯಿಲು, ಮಧ್ಯಾಹ್ನ ಸ್ಪ್ರೇ, ಸಂಜೆ ಲೋಬಾನ. ದೊಡ್ಡಿಯ ವಾಸನೆ ಒಳಗೆ ಬಂದೀತೆಂದು ಕಿಟಕಿಗಳನ್ನೆಲ್ಲ ಜಡಿದಳು. ಆರ್‌ಸಿಸಿ ಮನೆ ಮೊದಲೇ ಕಾದ ಹೆಂಚು. ವೀರೇಶ ಚಾಪೆ ಸುತ್ತಿಕೊಂಡು ಅಂಗಳಕ್ಕೆ ಹೋದ. ಕೇಳಿದರೆ "ಸೆಕೆ ಅವ್ವಾ" ಅಂದ. ಅವ್ವನ ಮೂಗಿನ ಮೇಲೆ ಮಾತಾಡುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಸೊಸೆಯ ವಾಂತಿ ಹೆಚ್ಚಿತು. ದುರುಗಮ್ಮ ಸ್ಪ್ರೇಯನ್ನೂ ಹೆಚ್ಚಿಸಿದಳು.

ಕಡೆಗೆ ನಾಗಶ್ರೀಯ ತಾಯಿ ಲೋಕಮ್ಮನ ಫೋನು ಬಂತು. ಮಗಳು ತೀರಾ ಸೊರಗಿದ್ದಾಳಂತೆ, ಬಂದು ಕರೆದುಕೊಂಡು ಹೋಗುತ್ತೇನೆ, ಹೆರಿಗೆವರೆಗೂ ಅಲ್ಲೇ ಇರಲಿ. ಮನೆ ನಾರುತ್ತದೆಂದು ಬಸುರಿ ತವರಿಗೆ ಹೋದಳು ಎಂದು ಊರು ಆಡಿಕೊಂಡರೂ ದುರುಗಮ್ಮ ಹೇಗೋ ನುಂಗಬಹುದಿತ್ತು. ಸೊಸೆಯಿಲ್ಲದ ಮನೆಯನ್ನು ನೆನೆದರೆ ಮಾತ್ರ ಅಳು ಬರುತ್ತಿತ್ತು.

ಲೋಕಮ್ಮ ಬಂದ ದಿನ ದುರುಗಮ್ಮ ಡಬ್ಬಿಯಲ್ಲಿದ್ದಷ್ಟನ್ನೂ ಗೋಡೆ ಗೋಡೆಗೆ ಹೊಡೆದಿದ್ದಳು. ಲೋಕಮ್ಮ ಹೊಸ್ತಿಲು ದಾಟಿದವಳೇ ಸಾಲುಸಾಲಾಗಿ ಸೀನಿ, ಕಣ್ಣು ಒರೆಸಿಕೊಂಡು, ಕಡ್ಡಿ ಮುರಿದಂತೆ ಕೇಳಿದಳು:

"ಇದೇನ್ರೀ ಬೀಗ್ರೆ, ಊದಿನಕಡ್ಡಿ ಕಾರ್ಖಾನೆ ಇಟ್ಟೀರೇನು? ನಂಗೇ ತಲೆ ತಿರುಗ್ತದೆ, ಬಸುರಿ ಹೆಂಗೆ ಇದ್ದಾಳು ಮಾರಾಯ್ತಿ! ಎಲ್ಲಿ ನನ್ನ ಮಗಳು?"

ಮಗಳು ಕೋಣೆಯಲ್ಲಿಲ್ಲ. ಅಡುಗೆಮನೆಯಲ್ಲಿಲ್ಲ, ಬಚ್ಚಲಲ್ಲೂ ಇಲ್ಲ. ದುರುಗಮ್ಮ ಗಾಬರಿಯಿಂದ ಹಿತ್ತಲ ಬಾಗಿಲು ತೆಗೆದಳು. ಬೇವಿನ ಮರದ ನೆರಳಲ್ಲಿ, ಕುರಿದೊಡ್ಡಿಯೊಳಗೆ, ಕಂಬಳಿ ಹಾಸಿಕೊಂಡು ನಾಗಶ್ರೀ ನಿದ್ದೆ ಹೋಗಿದ್ದಳು. ಒಂದು ಮರಿ ಅವಳ ತೋಳಿನ ಮೇಲೆ ತಲೆಯಿಟ್ಟಿತ್ತು. ಪಕ್ಕದಲ್ಲಿ ಗಂಗಾಳ. ಹೊಟ್ಟೆಯಲ್ಲಿ ಒಂದು ತುತ್ತೂ ನಿಲ್ಲದ ಹುಡುಗಿ ಮುದ್ದೆಯನ್ನು ಪೂರ್ತಿ ಉಂಡು, ಗಂಗಾಳ ಬಳಿದಿಟ್ಟಿದ್ದಳು.

ಆ ಖಾಲಿ ಗಂಗಾಳ ನೋಡಿ ದುರುಗಮ್ಮನಿಗೆ ಅರ್ಧ ಅರ್ಥವಾಯಿತು. ಮಿಕ್ಕಿದ್ದನ್ನು ಎಚ್ಚರಗೊಂಡ ಸೊಸೆ ತಲೆ ತಗ್ಗಿಸಿ ಹೇಳಿದಳು.

"ಕುರಿ ವಾಸ್ನೆ ಹುಟ್ಟಿದಾಗಿಂದ ಗೊತ್ತು ಅತ್ತೆ, ನಮ್ಮನೇಲೂ ಕುರಿ ಇದಾವಲ್ಲ. ಮೊದ್ಲು ಬಸುರಿ ವಾಂತಿ ಅಷ್ಟೇ ಇತ್ತು, ಆಮ್ಯಾಲೆ ಆ ಸ್ಪ್ರೇ ವಾಸ್ನೆಗೇ ಹೊಟ್ಟೆ ತೊಳಸ್ತದೆ. ದಿನಾ ಮಧ್ಯಾಹ್ನ ನೀವು ಮಲಗಿದ ಮ್ಯಾಲೆ ಇಲ್ಲಿಗೆ ಬರ್ತಿದ್ದೆ."

"ಮೊದ್ಲೇ ಹೇಳಬಾರದೇನವ್ವಾ!" ಅಂದಳು ದುರುಗಮ್ಮ. ಹೇಳದೆ ಕೂತವಳು ತಾನೂ ಹೌದೆಂಬುದು ನೆನಪಾಗಿ ಅಲ್ಲೇ ಕುಕ್ಕರಿಸಿದಳು. "ನಂಗೆ ಮೂಗೇ ಸತ್ತೈತೆ ಕಣವ್ವಾ. ಜ್ವರ ಬಂದಾಗಿಂದ ಏನೂ ತಿಳಿಯಂಗಿಲ್ಲ. ಮನೆ ನಾರ್ತೈತೆ ಅನ್ಕಂಡೆ."

"ಗೊತ್ತು ಅತ್ತೆ. ಹಾಲು ಸೀದು ಕರಕಲಾದಾಗ ನೀವು ಪಕ್ಕದಲ್ಲೇ ಕುಂತಿದ್ರಿ. ಹೇಳಿದ್ರೆ ನೊಂದ್ಕೊಳ್ತೀರಿ ಅಂತ ನಾನೂ ಇವ್ರೂ ಸುಮ್ಮನಿದ್ವಿ."

ಎಲ್ಲರೂ ಎಲ್ಲರ ಮನಸ್ಸು ಕಾಯಲು ಹೋಗಿ ಬಸುರಿಯನ್ನು ಕುರಿದೊಡ್ಡಿಗೆ ಕಳಿಸಿದ್ದರು. ಲೋಕಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದುರುಗಮ್ಮನೂ ನಕ್ಕಳು.

ಅಂದೇ ಕಿಟಕಿಗಳು ತೆರೆದವು. ಗುಲಾಬಿ ಡಬ್ಬಿ, ಕಡ್ಡಿ, ಗುಳಿಗೆ ಎಲ್ಲ ತಿಪ್ಪೆಗೆ ಹೋದವು. ವೀರೇಶ ಬಿಂದಿಗೆಗಟ್ಟಲೆ ನೀರು ಹೊತ್ತು ತಂದ, ಬೀಗತಿಯರಿಬ್ಬರೂ ಸೀರೆ ಎತ್ತಿ ಕಟ್ಟಿ ನೆಲ, ಗೋಡೆ, ಬಚ್ಚಲು ತಿಕ್ಕಿದರು. ಹಾಸಿಗೆ ಬಿಸಿಲಿಗೆ ಬಿತ್ತು. ಸಂಜೆಗೆ ಹಳೇ ಪಂಚೆ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಾಗ ತಣ್ಣಗಿನ ಗಾಳಿ ಒಳಗಾಡಿತು. ಲೋಕಮ್ಮ ಮಗಳ ಬಟ್ಟೆಬರೆಗೆಂದು ತಂದಿದ್ದ ಖಾಲಿ ಚೀಲವನ್ನು ಖಾಲಿಯಾಗಿಯೇ ಮಡಚಿಕೊಂಡಳು. "ಸೀಮಂತಕ್ಕೆ ಬರ್ತೀನಿ ಬೀಗ್ರೆ, ಅಲ್ಲಿವರೆಗೆ ನಿಮ್ಮ ಸೊಸೆ ನಿಮ್ಮ ಹತ್ರನೇ ಇರ್ಲಿ" ಎಂದು ಕೊನೆಯ ಬಸ್ಸು ಹತ್ತಿದಳು.

ಬಸ್ಸು ಹೋದ ಮೇಲೆ ನಾಗಶ್ರೀ ನಡುಮನೆಗೆ ಬಂದು ನಿಂತಳು. ದುರುಗಮ್ಮ ಅವಳ ಮುಖವನ್ನೇ ನೋಡಿದಳು.

"ಹೆಂಗೈತವ್ವಾ ಮನೆ?"

ನಾಗಶ್ರೀ ಮೂಗರಳಿಸಿ, ನಿಧಾನವಾಗಿ ಉಸಿರೆಳೆದುಕೊಂಡಳು. "ಏನೂ ವಾಸ್ನೆ ಇಲ್ಲ ಅತ್ತೆ."

"ಏನೂ?"

"ಏನೇನೂ ಇಲ್ಲ."

ಇಷ್ಟು ದಿನವೂ ದುರುಗಮ್ಮನ ಮೂಗು ಹೇಳುತ್ತಿದ್ದದ್ದು ಇದನ್ನೇ. ಅವಳು ಅದನ್ನು ನಂಬಿದ್ದು ಅವತ್ತೇ ಮೊದಲು.