ಸದ್ಯಕ್ಕೊಂದು ತಂತಿ

ನಮ್ಮ ಮನೆಯವರ ಕೈಯಲ್ಲಿ ಬೈಂಡಿಂಗ್ ವಯರ್ ಕಂಡರೆ ನನಗೆ ಆಗುತ್ತಿರಲಿಲ್ಲ. ಬಂದರಿನ ಅಂಗಡಿಯಿಂದ ಆ ತಂತಿಯನ್ನು ಕಿಲೋಗಟ್ಟಲೆ ತಂದಿಡುವ ಮನುಷ್ಯ. ದೇರೆಬೈಲಿನ ನಮ್ಮ ಮನೆಯಲ್ಲಿ ಗೇಟಿನ ಚಿಲಕಕ್ಕೆ ತಂತಿ, ಬಾಲ್ದಿಯ ಹಿಡಿಗೆ ತಂತಿ, ಮೀನು ಕಾಯಿಸುವ ಕಾವಲಿಯ ಕಿವಿಗೂ ತಂತಿ. ಉಪ್ಪುಗಾಳಿಗೆ ಎಲ್ಲ ತುಕ್ಕು ಹಿಡಿದು, ಕೆಂಪು ನೀರು ಇಳಿಸಿ, ಮುಟ್ಟಿದ ಕೈಯೆಲ್ಲ ನಾತ. ಥೂ, ಅಸಹ್ಯ. ಕೇಳಿದರೆ ಒಂದೇ ಉತ್ತರ: "ಸದ್ಯಕ್ಕೆ ಇರಲಿ ಮಾರಾಯ್ತಿ, ಮತ್ತೆ ನೋಡುವ."

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಪಾಠದಲ್ಲಿ 'ಹೇವೈರ್' ಬಂದರೆ ನಮ್ಮ ಮನೆಯನ್ನೇ ಉದಾಹರಣೆ ಕೊಡುತ್ತಿದ್ದೆ. ಅದು ಅಮೆರಿಕದಲ್ಲಿ ಬೈಹುಲ್ಲಿನ ಕಟ್ಟು ಬಿಗಿಯುವ ತಂತಿ. ನೆಟ್ಟಗಿದ್ದದ್ದು ಲಗಾಡಿ ಹೋದರೆ ಇಂಗ್ಲಿಷಿನವರು 'ಹೇವೈರ್ ಹೋಯಿತು' ಅನ್ನುತ್ತಾರೆ. ಬಿಚ್ಚಿದ ತಂತಿ ಚಿಮ್ಮಿ ಸಿಕ್ಕಾಗುತ್ತದಲ್ಲ, ಅದರಿಂದ ಬಂತು ಎನ್ನುವವರೂ ಉಂಟು. ಆದರೆ ಆ ಹೆಸರು ಮೊದಲು ಅಂಟಿದ್ದು ಮನುಷ್ಯರಿಗೆ. ಕಾಡಿನಲ್ಲಿ ಮರ ಕಡಿಯುವ ಕೆಲವು ತಂಡಗಳು ಮುರಿದದ್ದನ್ನೆಲ್ಲ ಅದೇ ತಂತಿಯಲ್ಲಿ ಬಿಗಿದು ದಿನ ದೂಡುತ್ತಿದ್ದವು. ಅಂಥವರನ್ನು ಉಳಿದವರು ಹೇವೈರ್ ತಂಡ ಎಂದು ಹೀಯಾಳಿಸುತ್ತಿದ್ದರು. "ತಪ್ಪು ತಂತಿಯದ್ದಲ್ಲ ಮಕ್ಕಳೇ, ಕಟ್ಟಿದವರದ್ದು" ಎಂದು ನಾನು ಪಾಠ ಮುಗಿಸುತ್ತಿದ್ದೆ. ಮಕ್ಕಳು ನಮ್ಮವರನ್ನು ನೆನೆದು ನಗುತ್ತಿದ್ದರು.

ಹೋದ ವರ್ಷ ಇವರು ಮಗಳ ಮನೆಗೆಂದು ದುಬೈಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ಅಮ್ಮ. ಅಮ್ಮನಿಗೆ ಪ್ರಾಯ ಎಂಬತ್ತು ದಾಟಿದೆ; ಬಚ್ಚಲಿನಲ್ಲಿ ಗೋಡೆಯ ಕಬ್ಬಿಣದ ಸರಳು ಹಿಡಿದೇ ಅವರು ಏಳುವುದು. ಒಂದು ದಿನ ಆ ಸರಳಿನ ಒಂದು ತುದಿ ತುಕ್ಕು ತಿಂದು ಗೋಡೆಯಿಂದ ಕಳಚಿತು. ಪ್ಲಂಬರಿಗೆ ಫೋನ್ ಮಾಡಿದೆ. "ಇವತ್ತು ಉಳ್ಳಾಲದಲ್ಲಿ ಕೆಲಸ ಉಂಟು ಟೀಚರ್, ನಾಳೆ ಬರ್ತೇನೆ" ಅಂದ.

ನಾನು ಇವರ ಡಬ್ಬಿಯಿಂದ ತಂತಿ ತೆಗೆದು, ಸರಳನ್ನು ನಲ್ಲಿಯ ಪೈಪಿಗೆ ಸೇರಿಸಿ ನಾಲ್ಕು ಸುತ್ತು ಸುತ್ತಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಗಟ್ಟಿ ಉಂಟಾ ಮಗಾ?" ಅಮ್ಮ ಕೇಳಿದರು.

"ಸದ್ಯಕ್ಕೆ ಸಾಕು ಅಮ್ಮ" ಎಂದೆ.

ಪ್ಲಂಬರ್ ಮರುದಿನ ಬರಲಿಲ್ಲ. ನಾನೂ ಮತ್ತೆ ಫೋನ್ ಮಾಡಲಿಲ್ಲ, ಸರಳು ನಿಂತಿತ್ತಲ್ಲ. ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ ಅಮ್ಮ ಏಳುವಾಗ ತಂತಿ ತುಂಡಾಯಿತು. ಒದ್ದೆ ನೆಲಕ್ಕೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಆದರೆ ಅವರು ಮತ್ತೆ ನಡೆಯಲಿಲ್ಲ.

ಸುದ್ದಿ ತಿಳಿದು ಇವರು ಓಡಿ ಬಂದರು. ಬಚ್ಚಲಿಗೆ ಹೋಗಿ, ಪೈಪಿನಲ್ಲಿ ಜೋತಿದ್ದ ತುಕ್ಕಿನ ತುಂಡು ಬಿಚ್ಚಿಕೊಂಡು ಅಮ್ಮನ ಮಂಚದ ಬಳಿ ಕುಳಿತರು.

"ಛೆ, ಇದನ್ನು ನಾನು ಯಾವಾಗ ಕಟ್ಟಿದ್ದು? ನೆನಪೇ ಇಲ್ಲ. ನನ್ನನ್ನು ಕ್ಷಮಿಸಿ ಅತ್ತೆ."

ಅಮ್ಮ ನನ್ನ ಮುಖ ನೋಡಿದರು. ನಾನು ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದೆ. "ಅದು ನಾನು ಕಟ್ಟಿದ್ದು" ಎಂದು ಹೇಳಲು ನನಗೆ ಮೂರು ದಿನ ಬೇಕಾಯಿತು.