ಗಿರಣಿಯಣ್ಣನ ಗೋಲ್‌ಕೀಪರ್

ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಯಂತ್ರದ ಸದ್ದು ಮೀರಿ ಕೂಗಿ ಕೂಗಿ, ಮನೆಯಲ್ಲೂ ಹಾಗೇ ಕೂಗುತ್ತಿದ್ದ. ರೆಪ್ಪೆಗೂ ಹಿಟ್ಟು ಮೆತ್ತಿಕೊಂಡು, ಪ್ಲಾಸ್ಟಿಕ್ ಕವರಿನೊಳಗಿಟ್ಟ ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದ. ತನ್ನ ತಂಡದ ಗೋಲ್‌ಕೀಪರ್ ಚೆಂಡು ಬಿಟ್ಟಾಗಲೆಲ್ಲ ಒಂದೇ ಮಾತು: "ಇವನಿಗ್ಯಾವನಲೇ ಗೋಲ್ ಕಾಯಾಕೆ ಹೇಳ್ದೋನು!"

ಒಂದು ಸಂಜೆ ನಾನು ರಾಗಿ ಬೀಸಿಸಲು ಹೋಗಿದ್ದೆ. ಹಿಂದಿನ ದಿನ ಅವನ ತಂಡ ಸೋತಿತ್ತು. ಮೊಬೈಲಿನಲ್ಲಿ ಕೋಟು ತೊಟ್ಟ ಟೀವಿ ನಿರೂಪಕನೊಬ್ಬ, ಆ ಗೋಲ್‌ಕೀಪರ್ ಮುಗ್ಗರಿಸಿ ಬಿದ್ದದ್ದನ್ನು ಮತ್ತೆ ಮತ್ತೆ ತೋರಿಸಿ, "ಇವನನ್ನು ಗೋಲ್ ಕಾಯಲು ಬಿಟ್ಟವರಾರು?" ಎಂದು ನಗುತ್ತಿದ್ದ. ನಾನೂ ನಕ್ಕು, "ನೀವು ಹೇಳೋದನ್ನೇ ಇವನೂ ಹೇಳ್ತಾನಲ್ಲಣ್ಣ" ಎಂದೆ.

ಅಣ್ಣ ಗಿರಣಿ ನಿಲ್ಲಿಸಿಬಿಟ್ಟ. ನನ್ನ ರಾಗಿ ಇನ್ನೂ ಅರ್ಧ ಬೀಸುವುದಿತ್ತು.

"ನಾನು ಬೈತೀನಿ. ಅವನು ಸೋತ್ರೆ ನನಗೆ ಗಂಟಲಲ್ಲಿ ಮುದ್ದೆ ಇಳಿಯಲ್ಲ, ಅದಕ್ಕೇ ಬೈತೀನಿ. ಈ ಕೋಟಿನೋನಿಗೆ ಏನಾಗೈತಲೇ? ನಗ್ತಾನಲ್ಲ."

ಅಣ್ಣ ಕೂಗದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೀಸದ ರಾಗಿಯನ್ನು ಹಿಟ್ಟಿನ ಮೇಲೇ ಸುರಿದು, ಡಬ್ಬಿಯನ್ನು ನನ್ನ ಕಡೆ ತಳ್ಳಿದ.

"ತಗಂಡೋಗು. ಆ ಕೋಟಿನೋನ ಹತ್ರಾನೇ ಬೀಸಿಸ್ಕೋ."