ಬೆಳ್ಳಗಾದ ಮೇಲೆ ಊರು ತಿಳಿಯದ ಏಲಕ್ಕಿ

ಬೆಳಕು ಹರಿಯುವ ಮುಂಚೆಯೇ ಅಮೀರಬಿ ಅಂಟುವಾಳದ ಕಾಯಿ ನೆನೆಸಿದ ನೀರನ್ನು ಕೈಯಿಂದ ಕಲಕುತ್ತಾರೆ. ನೊರೆ ಎದ್ದ ನೀರನ್ನು ಚಾಪೆಯ ಮೇಲಿನ ಏಲಕ್ಕಿಗೆ ಚಿಮುಕಿಸಿ, ಅಂಗೈಯಲ್ಲಿ ಮೆಲ್ಲಗೆ ಉಜ್ಜುತ್ತಾರೆ. ಆಮೇಲೆ ಬಾವಿನೀರು, ಬಿಸಿಲು, ಮತ್ತೆ ನೊರೆ. ಕೆಲವು ದಿನ ಹೀಗೆ ಮಾಡಿದರೆ ಹಸಿರು ಕಾಯಿ ಬೆಳ್ಳಗಾಗುತ್ತದೆ.

ಹಾವೇರಿಯ ಈ ಓಣಿಯಲ್ಲಿ ಒಂದು ಕಾಲಕ್ಕೆ ಮನೆಮನೆಯ ಅಂಗಳದಲ್ಲೂ ಚಾಪೆ ಹಾಸಿರುತ್ತಿತ್ತು. ಮಲೆನಾಡಿನ, ಕೊಡಗಿನ ಏಲಕ್ಕಿ ಇಲ್ಲಿನ ನೀರಿಗಾಗಿ ಬಂದು, ಬೆಳ್ಳಗಾಗಿ, ಮುಂಬೈಗೆ ಹೋಗಿ ಹಡಗು ಹತ್ತುತ್ತಿತ್ತು. "ನಮ್ಮ ಅಮ್ಮಾನ ಸೀರಿ ಎಷ್ಟ್ ಒಗದ್ರೂ ಆ ವಾಸನಿ ಹೋಗ್ತಿರಲಿಲ್ಲ. ಸಾಲ್ಯಾಗ ನನ್ನ ಬಾಜೂ ಕುಂದ್ರಾಕ ಹುಡುಗ್ಯಾರು ಜಗಳಾಡ್ತಿದ್ರು," ಎಂದು ನಗುತ್ತಾರೆ ಅಮೀರಬಿ. ಈಗ ಉಳಿದವರು ಅವರು, ಮತ್ತು ತೊಟ್ಟು ಕತ್ತರಿಸಲು ಮೋಟೆಬೆನ್ನೂರಿನಿಂದ ಬಸ್ಸಿಗೆ ಬರುವ ಗದಿಗೆವ್ವ.

ಈಗ ಪರದೇಶದ ಏಲಕ್ಕಿಯೇ ಹಡಗಿನಿಂದ ಇಳಿದು ಬರುತ್ತಿದೆ. ಅಮೀರಬಿಯ ಮೈದುನ ರಹಿಮಾನಸಾಬ, ಏಲಕ್ಕಿ ಮಾಲೆ ಕಟ್ಟುವವರಿಗೆ ಮಾಲು ಕೊಡುವ ವ್ಯಾಪಾರಿ. ಈ ಸಲ ಅವರು ತಂದ ಎರಡು ಚೀಲದಲ್ಲಿ ಒಂದು ಮಲೆನಾಡಿನದು, ಇನ್ನೊಂದು ಪರದೇಶದ ಅಗ್ಗದ ಮಾಲು.

"ಎರಡೂ ಕೂಡ್ಸಿ ಬೆಳ್ಳಗ ಮಾಡಿಕೊಡ್ರಿ ಭಾಬಿ. ಮಾಲಿ ಕಟ್ಟಾವ್ರು ಬಣ್ಣಾ ನೋಡ್ತಾರ, ಊರು ಕೇಳೂದಿಲ್ಲ."

ಒಲ್ಲೆ ಎಂದರೆ ಈ ಹಂಗಾಮಿಗೆ ಇಬ್ಬರು ಹೆಂಗಸರಿಗೂ ಕೆಲಸವಿಲ್ಲ.

"ಹೊರಗಿನ ಮಾಲು ಬಂದ್ ಮಾಡ್ಬೇಕು. ನಮ್ಮ ಬೆಳೆಗಾರ ಏನ ತಿನ್ನಬೇಕು?" ಗದಿಗೆವ್ವ ಸಿಡುಕುತ್ತಾರೆ.

"ನಮ್ಮದು ಹೋಗುವಾಗ ಬಾಗಲಾ ತಗೀರಿ ಅಂದ್ವಿ. ಅವರದು ಬಂದ್ರ ಹಾಕ್ರಿ ಅನ್ನೂದೇನಕ್ಕಾ? ನಿಮ್ಮ ಕತ್ತರೀನೂ ಚೀನಾದ್ದ ಐತಿ," ಎನ್ನುತ್ತಾರೆ ರಹಿಮಾನಸಾಬ.

"ಕತ್ತರಿ ಪಾಯಸಕ್ಕ ಹಾಕ್ತಾರೇನಪಾ?"

ಮೂವರೂ ನಗುತ್ತಾರೆ. ಏಲಕ್ಕಿ ಮಾಲೆಯನ್ನು ಯಾರೂ ಎಸೆಯುವುದಿಲ್ಲ. ಮನೆಯಲ್ಲಿ ತೂಗುಹಾಕಿ, ಮುಂದೊಂದು ದಿನ ಬಿಚ್ಚಿ ಪಾಯಸಕ್ಕೋ ಚಹಾಕ್ಕೋ ಹಾಕುತ್ತಾರೆ.

ಅಮೀರಬಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. "ಆ ಕಾಯೀನೂ ಯಾವುದೋ ಹೆಣ್ಮಗಳು ಬಗ್ಗಿ ಬಿಡಿಸಿರ್ತಾಳ. ಅದನ್ಯಾಕ ಬೈಲಿ? ತೊಳೀತೇನಿ. ಆದ್ರ ತಗೊಳ್ಳಾವ್ರಿಗೆ ಯಾವುದು ಎಲ್ಲೀದು ಅಂತ ಗೊತ್ತಿರಬೇಕಲ್ರಿ. ಬೆಳ್ಳಗಾದ ಮ್ಯಾಲ ನನಗೂ ತಿಳಿಯೂದಿಲ್ಲ."

ಬಿಸಿಲು ಏರುತ್ತಿದೆ. ರಹಿಮಾನಸಾಬ ಪರದೇಶದ ಚೀಲವನ್ನು ಬಿಚ್ಚಿ, ಮಲೆನಾಡಿನ ಕಾಯಿ ಹರಡಿದ ಚಾಪೆಯತ್ತ ಎಳೆಯುತ್ತಾರೆ. ಅಮೀರಬಿ ಎದ್ದು ಒಳಗಿನಿಂದ ಇನ್ನೊಂದು ಚಾಪೆ ತಂದು ಹಾಸುತ್ತಾರೆ.

"ರಹಿಮಾನ, ಅದನ್ನ ಇದರ ಮ್ಯಾಲ ಸುರುವು. ಮಾರುವಾಗ ಎಲ್ಲೀದಂತ ಹೇಳಿ ಮಾರು."

ರಹಿಮಾನಸಾಬ ಎರಡೂ ಕೈಯಲ್ಲಿ ಚೀಲದ ಬಾಯಿ ಹಿಡಿದು ಎರಡು ಚಾಪೆಗಳ ನಡುವೆ ನಿಂತಿದ್ದಾರೆ.